ಲಾರಿಯಗಲದ ಬೀದಿ

ತಡಿಯಪ್ಪ ಎನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾರು ಏನು ಕೇಳಿದರೂ, ಅಟ್ಟಕ್ಕೆ ಬೆಂಕಿ ಬಿದ್ದಿದೆ ಎಂದು ಕೂಗಿದರೂ, ಮೊದಲು "ಸ್ವಲ್ಪ ತಡೀರಿ" ಎನ್ನುವುದು ಅವನ ಅಭ್ಯಾಸ. ಆ ಅಭ್ಯಾಸವೇ ಹೆಸರಾಗಿ, ಹೆಸರು ಗಟ್ಟಿಯಾಗಿ, ಹೆಂಡತಿಯ ಕಡೆಯವರೂ ಎದುರಿಗೇ ಹಾಗೆ ಕರೆಯತೊಡಗಿದ್ದರು. ಅದಕ್ಕೆ ಬೇಸರ ಮಾಡಿಕೊಳ್ಳಬೇಕೋ ಬೇಡವೋ ಎಂದು ಅವನು ಇನ್ನೂ ಯೋಚಿಸುತ್ತಿದ್ದ.

ಮೊದಲು ಅವನು ಗಡಿಯಾರ ರಿಪೇರಿ ಅಂಗಡಿಯಲ್ಲಿದ್ದ. ಕೆಟ್ಟ ಗಡಿಯಾರವನ್ನು ಬಿಚ್ಚಿ, ಒಂದೊಂದು ಚಕ್ರವನ್ನೂ ಬಟ್ಟೆಯ ಮೇಲೆ ಸಾಲಾಗಿ ಇಟ್ಟು, ಉಸಿರು ಬಿಗಿಹಿಡಿದು ಮತ್ತೆ ಜೋಡಿಸುವಷ್ಟರಲ್ಲಿ ಗಿರಾಕಿ ಬೇರೊಂದು ಗಡಿಯಾರ ಕೊಂಡು, ಅದೂ ಕೆಟ್ಟು, ಅದನ್ನೂ ರಿಪೇರಿಗೆ ತಂದಿರುತ್ತಿದ್ದ. ಆಮೇಲೆ ಬೇಕರಿಗೆ ಸೇರಿದ. ತಕ್ಕಡಿಯ ಮುಳ್ಳು ಅಲುಗಾಡದೆ ನಿಲ್ಲುವ ತನಕ ಅವನು ಪೊಟ್ಟಣ ಕಟ್ಟುತ್ತಿರಲಿಲ್ಲ. ಹೊರಗೆ ಜನರ ಸಾಲು ಎಷ್ಟು ಬೆಳೆಯಿತೆಂದರೆ, ಅದನ್ನೇ ನಿಲ್ದಾಣ ಅಂದುಕೊಂಡು ಒಂದು ದಿನ ಬಸ್ಸು ಬಂದು ನಿಂತಿತು. ಬೇಕರಿಯವನು ಕೈಮುಗಿದು ಅವನನ್ನು ಬೀಳ್ಕೊಟ್ಟ. ಇಂಥ ಮನುಷ್ಯ ನಲವತ್ತು ದಾಟಿದ ಮೇಲೆ ಲಾರಿ ಕಲಿಯಲು ಹೊರಟ.

"ಲಾರಿ ಅಂದ್ರೆ ಓಡೋ ವಸ್ತು, ತಡಿಯಪ್ಪ. ಅದಕ್ಕೂ ನಿನಗೂ ಏನು ಸಂಬಂಧ?" ಎಂದ ಹೆಂಡತಿಯ ಅಣ್ಣ. ಅವನಿಗೆ ಮರದ ವ್ಯಾಪಾರ. ಅವನ ಮರದ ಅಡ್ಡೆಯ ಗೇಟಿನ ಹತ್ತಿರ ಒಂದು ಸ್ಟೂಲು ಖಾಲಿಯಿತ್ತು. "ಇದೂ ಕೈಕೊಟ್ರೆ ಸುಮ್ನೆ ನನ್ನ ಹತ್ರ ಬಂದ್ಬಿಡು. ಆ ಸ್ಟೂಲ್ ಮೇಲೆ ಕೂತ್ಕೊ. ಗೇಟು ಎಲ್ಲಿಗೂ ಓಡಿಹೋಗಲ್ಲ, ನಿನಗೂ ಆರಾಮ."

ತಡಿಯಪ್ಪ ಜೀವನದಲ್ಲಿ ಹೆದರುತ್ತಿದ್ದದ್ದು ಆ ಸ್ಟೂಲಿಗೆ ಮಾತ್ರ. ರಜೆಯ ದಿನ ಬಂದ ನೆಂಟರಿಗೆಲ್ಲ ಹೆಂಡತಿಯ ಅಣ್ಣನಾದ ಈ ಭಾವ, "ಅಲ್ಲಿ ಕೂತಿದಾನಲ್ಲ, ಅವನೇ ನಮ್ಮ ತಂಗಿ ಗಂಡ" ಎಂದು ಬೆರಳು ಮಾಡಿ ತೋರಿಸುವುದು ಅವನ ಕಣ್ಣಿಗೆ ಕಟ್ಟುತ್ತಿತ್ತು.

ಲಾರಿಯನ್ನು ಮುಂದಕ್ಕೆ ಓಡಿಸುವುದನ್ನು ಅವನು ಚೆನ್ನಾಗಿಯೇ ಕಲಿತ. ನೀರು ತುಂಬಿದ ಬಟ್ಟಲನ್ನು ಸೀಟಿನ ಮೇಲಿಟ್ಟರೂ ತುಳುಕದ ಹಾಗೆ ಓಡಿಸುತ್ತಿದ್ದ. ಹಿಂದಕ್ಕೆ ಮಾತ್ರ ಅವನ ಕೈಗೆ ಬರಲೇ ಇಲ್ಲ. ಮೊದಲ ಸಲ ರಿವರ್ಸ್ ಹಾಕಿದಾಗ, ಕಲಿಸುವ ಶಾಲೆಯದೇ ನಾಮಫಲಕ ಅಡ್ಡಬಿತ್ತು. ಅದರ ಮೇಲೆ 'ಸುರಕ್ಷಿತ ಚಾಲನೆ' ಎಂದು ಬರೆದಿತ್ತು. ಮೇಷ್ಟ್ರು ಮತ್ತೆಂದೂ ಆ ಗೇರಿನ ಸುದ್ದಿ ಎತ್ತಲಿಲ್ಲ. ಪರೀಕ್ಷೆಯ ದಿನ ಅಧಿಕಾರಿ, "ಈಗ ಹಿಂದಕ್ಕೆ ತಗೊಳ್ಳಿ" ಎಂದ ಹೊತ್ತಿಗೆ ಸರಿಯಾಗಿ ಒಂದು ಹಸು ಬಂದು ಲಾರಿಯ ಹಿಂದೆ ಮಲಗಿಕೊಂಡಿತು. ಎಬ್ಬಿಸಿದರೂ ಏಳಲಿಲ್ಲ, ಮೆಲುಕು ಹಾಕುತ್ತಾ ಅಧಿಕಾರಿಯನ್ನೇ ನೋಡಿತು. ಅವನಿಗೆ ಊಟದ ಹೊತ್ತಾಗಿತ್ತು. "ಹೋಗ್ಲಿ ಬಿಡಿ, ಮನುಷ್ಯ ಅಂದ್ಮೇಲೆ ಮುಂದೆ ಹೋಗೋಕೆ ಬಂದ್ರೆ ಸಾಕು" ಎಂದು ಪಾಸು ಮಾಡಿಬಿಟ್ಟ.

ಕೆಲಸ ಸಿಕ್ಕಿದ್ದು ದನದ ಹಿಂಡಿಯ ಡಿಪೋದಲ್ಲಿ. ಸುತ್ತಲಿನ ಊರುಗಳಿಗೆ ಮೂಟೆ ಹಾಕಿ ಸಂಜೆಗೆ ಮನೆ ಸೇರುವ ಕೆಲಸ. ಡಿಪೋ ಯಜಮಾನ ಕಡ್ಡಿ ಮುರಿದಂತೆ ಹೇಳಿದ: "ನೋಡಪ್ಪ, ಆ ಕೆರೆ ಪಕ್ಕದ ಊರಲ್ಲಿ ಹಳೇ ಡ್ರೈವರು ಒಂದು ಮನೆ ಮೂಲೇನೇ ಕೆಡವಿದ. ಅವತ್ತಿಂದ ಲಾರಿ ಊರೊಳಗೆ ಹೋಗಿಲ್ಲ. ಮೂಟೆನೆಲ್ಲ ದೊಡ್ಡ ರಸ್ತೇಲಿ ಇಳಿಸ್ತೀವಿ, ಹಾಲಿನ ಕೇಂದ್ರದವರು ಬೆನ್ನ ಮೇಲೆ ಹೊತ್ಕೊಂಡು ಹೋಗ್ತಾರೆ. ಹೊತ್ತು ಹೊತ್ತು ಸಾಕಾಗಿ ಈಗ ಬೇರೆ ಡಿಪೋ ಹಿಡಿಯೋ ಮಾತಾಡ್ತಿದಾರೆ. ನೀನು ಒಳಗೇ ತಗೊಂಡು ಹೋಗಿ ಕೇಂದ್ರದ ಬಾಗಿಲಲ್ಲಿ ಇಳಿಸಬೇಕು. ಒಂದು ತಿಂಗಳು ನೋಡ್ತೀನಿ. ಯಾವ ಗೋಡೆಗಾದ್ರೂ, ಲಾರಿಗಾದ್ರೂ ಒಂದು ಗೀರು ಬಿತ್ತೋ, ಅವತ್ತೇ ನಿನ್ನ ದಾರಿ ನಿನಗೆ. ಬೀಳಲಿಲ್ವೋ, ಕೆಲಸ ಖಾಯಂ."

"ಸ್ವಲ್ಪ ತಡೀರಿ ಯಜಮಾನ್ರೇ," ಎಂದ ತಡಿಯಪ್ಪ. "ಆ ಬೀದಿ ಕೊನೇಲಿ ಏನಿದೆ?"

"ಹಾಲಿನ ಕೇಂದ್ರ ಇದೆ. ದಾಟಿದ್ರೆ ಕೆರೆ ಏರಿ. ಏರಿ ಸುತ್ತಿ ಮತ್ತೆ ದೊಡ್ಡ ರಸ್ತೆ. ಯಾಕೆ?"

"ಏನಿಲ್ಲ" ಎಂದ ತಡಿಯಪ್ಪ. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರಬಹುದಾದರೆ ರಿವರ್ಸಿನ ಪ್ರಶ್ನೆಯೇ ಇಲ್ಲ! ಅವನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಆದರೆ ನಡುವೆ ಸಿಕ್ಕಿಹಾಕಿಕೊಂಡರೆ? ಮುಂದೆಯೂ ಹೋಗಲಾರದೆ ಹಿಂದೆಯೂ ಬರಲಾರದೆ ನಿಂತರೆ? ಇಡೀ ಸಂಜೆ ಯೋಚಿಸಿ ಅವನು ಒಂದು ಉಪಾಯ ಕಂಡುಕೊಂಡ. ಬಿದಿರಿನ ಗಳವೊಂದನ್ನು ತಂದು, ಲಾರಿಯ ಒಂದು ಕನ್ನಡಿಯ ಅಂಚಿನಿಂದ ಇನ್ನೊಂದು ಕನ್ನಡಿಯ ಅಂಚಿಗೆ ಹಿಡಿದು, ಎರಡೂ ಕಡೆ ಒಂದೊಂದು ಗೇಣು ಹೆಚ್ಚಿಗೆ ಬಿಟ್ಟು ಕತ್ತರಿಸಿದ. ಗಳ ಹಿಡಿದು ನಡೆಯುವಾಗ ಯಾರ ಕಣ್ಣಿಗೂ ತಾಗಬಾರದೆಂದು ಎರಡು ತುದಿಗೂ ಕೆಂಪು ಬಟ್ಟೆ ಕಟ್ಟಿದ. ಗಳ ನುಸುಳಿದ ಕಡೆ ಲಾರಿ ನುಸುಳುತ್ತದೆ. ಬಿಗಿಯಾದ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿಕೊಂಡರೆ, ಓಡಿಸುವಾಗ ಎಲ್ಲಿ ಜಾಗ್ರತೆ ಬೇಕೆಂದು ಮುಂಚೆಯೇ ಗೊತ್ತಿರುತ್ತದೆ. ಇದಕ್ಕಿಂತ ಸರಳವಾದ, ಇದಕ್ಕಿಂತ ನಿರಪಾಯವಾದ ಯೋಚನೆ ಯಾವ ಡ್ರೈವರಿಗೂ ಹೊಳೆದಿರಲಾರದು. ಆ ಊರಿನ ಸಂಕಟವೆಲ್ಲ ಶುರುವಾದದ್ದು ಅದರಿಂದಲೇ.

ಮೊದಲ ದಿನ ಹೆಂಡತಿ ತನ್ನ ಅಣ್ಣನ ಹಳೆಯ ಬಿಳಿ ಅಂಗಿಯನ್ನು ಇಸ್ತ್ರಿ ಮಾಡಿ ತೊಡಿಸಿ, ಕಿಸೆಗೆ ಎರಡು ಪೆನ್ನು ಸಿಕ್ಕಿಸಿದಳು. "ನಾಲ್ಕು ಜನ ನೋಡೋ ಕೆಲಸ. ನೆಟ್ಟಗೆ ನಿಂತ್ಕೊಳ್ಳಿ" ಎಂದಳು. ಊರ ಬಾಯಲ್ಲಿ ಲಾರಿ ನಿಲ್ಲಿಸಿ, ಮೂಟೆಗಳ ಮೇಲೆ ಗೊರಕೆ ಹೊಡೆಯುತ್ತಿದ್ದ ಹಮಾಲಿಯನ್ನು ಎಬ್ಬಿಸದೆ, ತಡಿಯಪ್ಪ ಗಳ ಹಿಡಿದು ಬೀದಿಯೊಳಗೆ ಕಾಲಿಟ್ಟ.

ಬೀದಿಯೇನೋ ಒಂದು ಕಾಲದಲ್ಲಿ ಅಗಲವಾಗಿಯೇ ಇತ್ತು. ಆದರೆ ಆ ಊರಿನಲ್ಲಿ ಮನೆಗಳಿಗೆ ಬೀದಿಯ ಕಡೆಗೆ ನಡೆಯುವ ಗುಣವಿತ್ತು. ಮೊದಲು ಒಂದು ಮೆಟ್ಟಿಲು ಇಳಿಯುತ್ತಿತ್ತು, ಅದರ ಪಕ್ಕ ಒಂದು ಹೂವಿನ ಕುಂಡ, ಕುಂಡಕ್ಕೆ ಕಾವಲಾಗಿ ಒಂದು ಕಲ್ಲು, ಕಲ್ಲಿಗೆ ಒರಗಿ ಒಂದು ಕೋಳಿಗೂಡು. ಎಲ್ಲರಿಗಿಂತ ಚುರುಕಾಗಿ ನಡೆದದ್ದು ದಿನಸಿ ಅಂಗಡಿ. ಅದರ ಮೆಟ್ಟಿಲ ಮೇಲೆ ಹಲಗೆ, ಹಲಗೆಯ ಮೇಲೆ ತಗಡಿನ ಮಾಡು, ಮಾಡಿನ ಕೆಳಗೆ ಬೆಂಚು ಬಂದಿದ್ದವು. ಹೀಗೇ ಬಿಟ್ಟರೆ ಎದುರು ಸಾಲಿನ ಕ್ಷೌರದಂಗಡಿಯನ್ನು ತಬ್ಬಿಕೊಳ್ಳುವಂತಿತ್ತು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಬೇಕಾದ ಊರ ಕಚೇರಿಯೇ ತನ್ನ ಸೈಕಲ್ ನಿಲ್ಲಿಸುವ ಚಪ್ಪರದ ಕಂಬಗಳನ್ನು ಬೀದಿಯಲ್ಲಿ ನೆಟ್ಟಿತ್ತು.

ಇಂಥ ಬೀದಿಯಲ್ಲಿ ಬಿಳಿ ಅಂಗಿಯ, ಎರಡು ಪೆನ್ನಿನ, ಗಂಭೀರ ಮುಖದ ಅಪರಿಚಿತನೊಬ್ಬ ಕೆಂಪು ಬಟ್ಟೆ ಕಟ್ಟಿದ ಗಳವನ್ನು ಅಡ್ಡಡ್ಡ ಹಿಡಿದು, ಮುಂದೆ ಚಾಚಿಕೊಂಡದ್ದಕ್ಕೆಲ್ಲ ಬಿಳಿ ಗುರುತು ಹಾಕುತ್ತಾ ಬಂದ. ಬಾಗಿಲು ಬಾಗಿಲಲ್ಲಿ ತಲೆಗಳು ಕಂಡವು.

ತನ್ನ ಬೆಂಚಿನ ಕಾಲಿಗೆ ಗುರುತು ಬಿದ್ದಾಗ ದಿನಸಿ ಅಂಗಡಿಯವನು ಗಿರಾಕಿಯನ್ನು ಬಿಟ್ಟು ಹೊರಗೆ ಬಂದ.

"ಸಾರ್... ಇದು... ಗುರುತು?"

ಹುಟ್ಟಿದಂದಿನಿಂದ ತಡಿಯಪ್ಪನನ್ನು ಯಾರೂ ಸಾರ್ ಎಂದಿರಲಿಲ್ಲ. ಆ ಮಾತು ಕಿವಿಗೆ ಬಿದ್ದದ್ದೇ ಬೆನ್ನು ತಾನಾಗಿ ನೆಟ್ಟಗಾಯಿತು. ನಾನು ಲಾರಿ ಡ್ರೈವರು, ಸಿಕ್ಕಿಹಾಕಿಕೊಳ್ಳುತ್ತೇನೆಂದು ಭಯ ಎಂದು ಹೇಳಲು ತೆರೆದ ಬಾಯನ್ನು ಮುಚ್ಚಿ, ಪೆನ್ನುಗಳನ್ನೊಮ್ಮೆ ಮುಟ್ಟಿಕೊಂಡು, "ಇಷ್ಟು ಹೊರಗೆ ಬಂದ್ಬಿಟ್ಟಿದೆಯಲ್ಲ" ಎಂದ.

"ಬಂದಿದೆ ಸಾರ್."

"ಸ್ವಲ್ಪ ತೊಂದರೆನೇ."

"ಯಾರಿಗೆ ಸಾರ್? ನನಗಾ?"

ತಡಿಯಪ್ಪ ಪ್ರಾಮಾಣಿಕವಾಗಿ ಯೋಚಿಸಿದ. ಲಾರಿ ತಾಗಿದರೆ ಇವನ ಬೆಂಚು ಹೋಗುತ್ತದೆ, ತನ್ನ ಕೆಲಸ ಹೋಗುತ್ತದೆ.

"ಇಬ್ಬರಿಗೂ" ಎಂದು ಹೇಳಿ ಮುಂದಿನ ಮನೆಗೆ ನಡೆದ.

ಆಮೇಲೆ ಅವನು ಲಾರಿಯನ್ನು ತಂದದ್ದೂ, ಮದುವಣಗಿತ್ತಿ ನಡೆದ ಹಾಗೆ ಅದನ್ನು ನಡೆಸಿದ್ದೂ, ಗುರುತು ಕಂಡಲ್ಲೆಲ್ಲ ನಿಲ್ಲಿಸಿ ಇಳಿದು ಗೋಡೆಗೂ ಕನ್ನಡಿಗೂ ನಡುವೆ ಕೈ ಆಡಿಸಿ ನೋಡಿದ್ದೂ, ಕೊನೆಗೆ ಎಲ್ಲಿಯೂ ತಾಗದೆ ಹಾಲಿನ ಕೇಂದ್ರ ಮುಟ್ಟಿ, ಮೂಟೆ ಇಳಿಸಿ, ಏರಿಯ ಮೇಲೆ ಮಾಯವಾದದ್ದೂ ಊರಿಗೆ ಊರೇ ಕಣ್ಣಲ್ಲಿ ಕಣ್ಣಿಟ್ಟು ನೋಡಿತು.

"ಹಿಂಡಿ ಲಾರಿ ಡ್ರೈವರ್ ಕಣಯ್ಯ, ನೀನು ಸುಮ್ನೆ ಗಾಬರಿ ಬಿದ್ದೆ" ಎಂದ ಎದುರಿನ ಕ್ಷೌರದವನು.

ದಿನಸಿ ಅಂಗಡಿಯವನು ಅವನನ್ನು ಕನಿಕರದಿಂದ ನೋಡಿದ. "ಡ್ರೈವರಾ? ನಿನ್ನ ಜೀವಮಾನದಲ್ಲಿ ಒಬ್ಬನೇ ಒಬ್ಬ ಡ್ರೈವರು ಗಾಡಿಯಿಂದ ಇಳಿದು ಗೋಡೆ ನೋಡಿದ್ದು ಕಂಡಿದೀಯಾ? ಕೋಳಿ ಅಡ್ಡ ಬಂದ್ರೆ ನಿಲ್ಲಿಸಿ, ಅದು ದಾಟೋವರೆಗೂ ಕಾದ. ಹಾರ್ನ್ ಹೊಡೀಲಿಲ್ಲ. ಹಾರ್ನ್ ಹೊಡೀದೆ ಇರೋ ಡ್ರೈವರು ಇದಾನಾ ಈ ಭೂಮಿ ಮೇಲೆ?"

ಕ್ಷೌರದವನು ಕತ್ತರಿ ಕೆಳಗಿಟ್ಟು ಹತ್ತಿರ ಬಂದ.

"ಲಾರಿ ಬರೀ ನೆಪ. ದೊಡ್ಡ ಗಾಡಿ ಹೋಗುತ್ತೋ ಇಲ್ವೋ ಅಂತ ಪರೀಕ್ಷೆ ಮಾಡೋಕೆ ವೇಷ ಮರೆಸ್ಕೊಂಡು ಬಂದಿದಾರೆ. ಯಾರು ಎಷ್ಟೆಷ್ಟು ಬೀದಿ ನುಂಗಿದಾರೋ ಎಲ್ಲ ಅಳತೆ ಮಾಡ್ಕೊಂಡು ಹೋದ್ರು."

ಈ ತರ್ಕಕ್ಕೆ ಊರಿನಲ್ಲಿ ಎದುರಿರಲಿಲ್ಲ. ಜನ ಊರ ಕಚೇರಿಯ ಕಾರ್ಯದರ್ಶಿಯ ಹತ್ತಿರ ಓಡಿದರು. ತನಗೇ ಗೊತ್ತಿಲ್ಲದೆ ಮೇಲಿನಿಂದ ತಪಾಸಣೆ ಬಂದಿದೆ ಎಂದು ಕೇಳಿ ಅವನು ಕೈಗೆ ಸಿಕ್ಕ ಕಡತವೊಂದನ್ನು ತೆರೆದು ಕೂತ. ಗೊತ್ತಿಲ್ಲ ಎಂದರೆ ಮರ್ಯಾದೆ ಉಳಿಯುವುದಿಲ್ಲ.

"ಆದೇಶ ಬಂದಿದೆಯಾ ಸಾರ್?"

"ಬಂದಿದೆಯೋ ಇಲ್ವೋ ಅನ್ನೋದನ್ನ ಈಗ ಹೇಳೋ ಹಾಗಿಲ್ಲ" ಎಂದ ಕಾರ್ಯದರ್ಶಿ. ಬಂದಿದೆ ಎಂಬುದು ಎಲ್ಲರಿಗೂ ಖಚಿತವಾಯಿತು. ಎಲ್ಲರೂ ಹೋದ ಮೇಲೆ ಅವನು ಎದ್ದು, ತನ್ನದೇ ಸೈಕಲ್ ಚಪ್ಪರದ ಕಂಬದ ಮೇಲಿದ್ದ ಬಿಳಿ ಗುರುತನ್ನು ಬಹಳ ಹೊತ್ತು ನೋಡುತ್ತಾ ನಿಂತ.

ಮುಂದಿನ ಸಲ ತಡಿಯಪ್ಪ ಬಂದಾಗ, ಬೀದಿಯ ನಡುಭಾಗದ ಮನೆಯ ಅಜ್ಜಿಯೊಬ್ಬಳು ತನ್ನ ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ಕೂತಿದ್ದಳು. ಅವನು ಹಾಕಿದ್ದ ಗುರುತನ್ನು ಅವಳು ಅವತ್ತೇ ತೊಳೆದಿದ್ದಳು. ಅವನು ಮತ್ತೆ ಸೀಮೆಸುಣ್ಣ ತೆಗೆದ.

"ಏನಯ್ಯಾ, ಈ ಕಲ್ಲು ಹಾಕಿಸ್ದಾಗ ನಿಮ್ಮಪ್ಪನಿಗೆ ಮೀಸೆ ಬಂದಿರ್ಲಿಲ್ಲ. ಕೀಳ್ತೀಯಾ? ಕೀಳು ನೋಡೋಣ. ನನ್ನೂ ಸೇರಿಸಿ ಕೀಳು."

"ಸ್ವಲ್ಪ ತಡೀರಿ ಅಜ್ಜಿ," ಎಂದ ತಡಿಯಪ್ಪ ಗಾಬರಿಯಿಂದ. "ಕಲ್ಲು ಯಾಕೆ ಕೀಳ್ಬೇಕು? ಅದು ಅಲ್ಲೇ ಇರ್ಲಿ. ನಾನೇ ಆ ಕಡೆ ಸ್ವಲ್ಪ ಒತ್ತಿ ಹೋಗ್ತೀನಿ."

ಅಜ್ಜಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟಳು.

ಅಜ್ಜಿಗೆ ವಿನಾಯಿತಿ ಸಿಕ್ಕಿತೆಂಬ ಸುದ್ದಿ ಬೀದಿಯ ತುದಿ ಮುಟ್ಟುವಷ್ಟರಲ್ಲಿ ನಾಲ್ಕೈದು ಮನೆಯವರು ಬುಟ್ಟಿಯಲ್ಲಿ ಮೊಟ್ಟೆ ಹಿಡಿದು ಲಾರಿಯ ಬಾಗಿಲಿಗೆ ಬಂದರು. ತಡಿಯಪ್ಪ ಬುಟ್ಟಿಗಳನ್ನೂ ಲಾರಿಯ ಹಲಗೆಗಳನ್ನೂ ನೋಡಿದ.

"ಬೇಡಮ್ಮ. ಇದರಲ್ಲಿ ಇಟ್ರೆ ಒಡೆದುಹೋಗುತ್ತೆ. ವಾಪಸ್ ತಗೊಂಡು ಹೋಗಿ."

ಲಂಚ ಮುಟ್ಟದ ಅಧಿಕಾರಿ! ಇನ್ನು ಉಳಿಗಾಲವಿಲ್ಲವೆಂದು ಜನಕ್ಕೆ ಅರ್ಥವಾಯಿತು. ಹೆದರಿಕೆಯ ಜೊತೆಗೇ ಒಂದು ಬಗೆಯ ಹೆಮ್ಮೆಯೂ ಹುಟ್ಟಿತು. "ನಮ್ಮೂರಿಗೆ ಬಂದಿರೋ ಸಾಹೇಬ್ರು ಸಾಮಾನ್ಯ ಅಲ್ಲ, ಬೆಂಕಿ" ಎಂದು ಕ್ಷೌರದವನು, ಮೂಗಿನ ಮೇಲೆ ಸೋಪಿನ ನೊರೆ ಹತ್ತಿದ್ದ ಗಿರಾಕಿಯೊಬ್ಬನಿಗೆ ಹೇಳಿದ. "ಮೊಟ್ಟೆ ಕಡೆ ಕಣ್ಣೆತ್ತಿ ನೋಡ್ಲಿಲ್ಲ."

ಮೊದಲು ಕೈ ಹಚ್ಚಿದವನು ಕಾರ್ಯದರ್ಶಿ. ಯಾರೂ ಹೇಳುವ ಮೊದಲೇ ಸರಿಪಡಿಸಿದೆ ಎನಿಸಿಕೊಳ್ಳಲು ಸೈಕಲ್ ಚಪ್ಪರವನ್ನು ಕೀಳಿಸಿದ. ಕಚೇರಿಯೇ ಕಿತ್ತಿತೆಂದ ಮೇಲೆ ಉಳಿದವರ ಧೈರ್ಯ ಎಲ್ಲಿ ಉಳಿದೀತು? ಬೀದಿಯುದ್ದಕ್ಕೂ ಹಾರೆ ಸುತ್ತಿಗೆಗಳ ಸದ್ದು ಎದ್ದಿತು. ಕೋಳಿಗೂಡುಗಳು ಹಿತ್ತಿಲಿಗೆ ಹೋದವು, ಕುಂಡಗಳು ಕಿಟಕಿಯ ಮೇಲೇರಿದವು. ತನ್ನದನ್ನು ಒಡೆದವನು ಪಕ್ಕದವನದು ಒಡೆಯುವ ತನಕ ಊಟ ಮಾಡಲಿಲ್ಲ. ದಿನಸಿ ಅಂಗಡಿಯವನು ಬೆಂಚು ಒಳಗಿಟ್ಟ, ತಗಡು ಬಿಚ್ಚಿದ, ಹಲಗೆ ಎತ್ತಿದ. ಕೊನೆಗೆ ಸಿಮೆಂಟಿನ ಮೆಟ್ಟಿಲಿಗೆ ಸುತ್ತಿಗೆ ಎತ್ತಿದಾಗ ಮಾತ್ರ ಮುಖ ಆ ಕಡೆ ತಿರುಗಿಸಿಕೊಂಡು ಹೊಡೆದ.

ಅವತ್ತು ಮನೆಗೆ ಬಂದ ತಡಿಯಪ್ಪನ ಕಣ್ಣು ಒದ್ದೆಯಾಗಿತ್ತು.

"ಎಂಥಾ ಜನ ಕಣೇ! ನನ್ನ ಲಾರಿಗೆ ತೊಂದರೆ ಆಗ್ಬಾರ್ದು ಅಂತ ಮನೆ ಮೆಟ್ಟಿಲನ್ನೇ ಒಡ್ಕೊಂಡಿದಾರೆ. ಕಚೇರಿಯವರು ಕಂಬ ಕಿತ್ತಿದಾರೆ. ನಾನು ಬಾಯಿಬಿಟ್ಟು ಕೇಳೂ ಇಲ್ಲ."

ಹೆಂಡತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು. "ಲಾರಿಗೋಸ್ಕರ ಯಾರ್ರೀ ಮೆಟ್ಟಿಲು ಒಡ್ಕೊಳ್ತಾರೆ?"

"ಸ್ವಲ್ಪ ತಡಿ, ನಾನೂ ಅದನ್ನೇ ಯೋಚಿಸ್ತಿದೀನಿ."

"ನಿಮ್ಮನ್ನ ಅವರು ಏನಂತ ಕರೀತಾರೆ?"

"ಸಾರ್ ಅಂತಾರೆ" ಎಂದ ಅವನು ನಾಚಿಕೊಂಡು.

ಹೆಂಡತಿ ಅಂಗಿಯ ಕಿಸೆಯ ಕಡೆ ನೋಡಿದಳು. ಮಾರನೆಯ ದಿನ ಅಂಗಿಯ ಕಿಸೆಯಲ್ಲಿ ಪೆನ್ನುಗಳಿರಲಿಲ್ಲ. ತಡಿಯಪ್ಪ ಹುಡುಕಿ ತಂದು ತಾನೇ ಸಿಕ್ಕಿಸಿಕೊಂಡ.

ತಿಂಗಳು ಮುಗಿಯುತ್ತಾ ಬಂತು. ಗೋಡೆಗಾಗಲಿ ಲಾರಿಗಾಗಲಿ ಒಂದು ಗೀರೂ ಬಿದ್ದಿರಲಿಲ್ಲ. ಕೊನೆಯ ಸರದಿಯ ದಿನ ಕಾರ್ಯದರ್ಶಿ ಕಚೇರಿಯ ಮುಂದೆಯೇ ಲಾರಿಯನ್ನು ತಡೆದು ನಿಲ್ಲಿಸಿದ. ಅಲ್ಲೊಂದು ಮೇಜು, ಮೇಜಿನ ಮೇಲೆ ಬಿಳಿ ಬಟ್ಟೆ, ಹಬೆಯಾಡುವ ಚಹಾ, ಎದುರಿಗೆ ಕುರ್ಚಿ. ಕುರ್ಚಿಗೆ ಕೈಗಳಿದ್ದವು. ಊರಿನವರೆಲ್ಲ ಸುತ್ತ ನಿಂತಿದ್ದರು.

"ಬರಬೇಕು ಸಾರ್. ವರದಿ ಬರೆಯೋ ಮುಂಚೆ ನಮ್ಮ ಬೀದೀನ ಒಂದ್ಸಲ ಕಣ್ತುಂಬ ನೋಡ್ಬೇಕು."

ಯಾವ ವರದಿ ಎಂದು ತಡಿಯಪ್ಪನಿಗೆ ತಿಳಿಯಲಿಲ್ಲ. ಆದರೆ ಕೈಗಳಿರುವ ಕುರ್ಚಿ ಸ್ಟೂಲಿಗಿಂತ ಎಷ್ಟು ಬೇರೆ ಎಂಬುದು ಕೂತ ಕೂಡಲೇ ತಿಳಿಯಿತು. ಬೀದಿಯ ಉದ್ದಕ್ಕೂ ಕಣ್ಣಾಡಿಸಿ, "ತುಂಬಾ ಚೆನ್ನಾಗಿ ಆಗಿದೆ" ಎಂದ. ಜನ ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ಚಪ್ಪಾಳೆಯ ನಡುವಿಂದ ಒಂದು ಪರಿಚಿತ ಧ್ವನಿ ಕೇಳಿಸಿತು.

"ಅರೇ! ತಡಿಯಪ್ಪ!"

ಹೆಂಡತಿಯ ಅಣ್ಣ, ಅಳತೆಯ ಟೇಪು ಕೈಯಲ್ಲಿ ಹಿಡಿದು ನಿಂತಿದ್ದ. ಸಿಮೆಂಟಿನ ಮೆಟ್ಟಿಲು ಕಳೆದುಕೊಂಡ ದಿನಸಿ ಅಂಗಡಿಯವನು ಎತ್ತಿಡಬಹುದಾದ ಮರದ ಮೆಟ್ಟಿಲು ಮಾಡಿಸೋಣವೆಂದು ಅವನನ್ನು ಕರೆಸಿದ್ದ.

"ಸಾಹೇಬ್ರನ್ನ ಹಾಗೆಲ್ಲ ಏಕವಚನದಲ್ಲಿ..." ಎಂದು ಕಾರ್ಯದರ್ಶಿ ಹುಬ್ಬು ಗಂಟಿಕ್ಕಿದ.

"ಯಾವ ಸಾಹೇಬ? ಇವನಾ?" ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವನು ನಮ್ಮ ತಂಗಿ ಗಂಡ ಕಣ್ರೀ. ಹಿಂಡಿ ಲಾರಿ ಓಡಿಸ್ತಾನೆ. ಅಂಗಿ ನಂದೇ, ನೋಡಿ ಬೇಕಾದ್ರೆ, ಕಾಲರಲ್ಲಿ ಹೊಲಿಗೆ ಬಿಟ್ಟಿದೆ."

ಜನರ ಕಣ್ಣು ಮೊದಲು ಕಾಲರಿನ ಮೇಲೆ ಬಿತ್ತು. ಆಮೇಲೆ ಎಲ್ಲರೂ ಒಟ್ಟಿಗೇ ತಿರುಗಿ ನೋಡಿದ್ದು ದಿನಸಿ ಅಂಗಡಿಯವನನ್ನು.

"ಹಂಗಾದ್ರೆ ಆ ಗಳ?" ಎಂದ ಅವನು, ಬಾವಿಯ ತಳದಿಂದ ಬಂದಂಥ ಧ್ವನಿಯಲ್ಲಿ.

"ಲಾರಿಯಗಲ ಅಷ್ಟು. ಹೋಗುತ್ತೋ ಇಲ್ವೋ ಅಂತ ನೋಡ್ಕೊಳೋಕೆ" ಎಂದ ತಡಿಯಪ್ಪ ಎದ್ದು ನಿಂತು. ಈಗ ಅವನಿಗೂ ಎಲ್ಲ ತಿಳಿಯಿತು. "ನೀವು ನನಗೋಸ್ಕರ ಒಡೆದ್ರಿ ಅಂದ್ಕೊಂಡಿದ್ದೆ."

"ನಿನಗೋಸ್ಕರವಾ!" ಅಂಗಡಿಯವನ ಮುಖ ಕೆಂಪೇರಿತು. "ಕೆಳಗಿಳಿಸ್ಬೇಡ್ರೋ ಒಂದು ಮೂಟೆನೂ! ನಮ್ಮನ್ನೆಲ್ಲ ಕೋತಿ ಮಾಡಿ, ಏನೂ ಆಗಿಲ್ಲ ಅನ್ನೋ ಹಾಗೆ ಏರಿ ಕಡೆಯಿಂದ ಹೋಗ್ಬಿಡ್ತೀಯಾ? ಬಂದ ದಾರೀಲೇ ಹೋಗು. ಹಿಂದಕ್ಕೆ! ಹಿಂದಕ್ಕೇ ಹೋಗು!"

ಹೇಳಿದ್ದಷ್ಟೇ ಅಲ್ಲ, ಒಳಗಿಟ್ಟಿದ್ದ ಬೆಂಚನ್ನು ತಂದು ಲಾರಿಯ ಮುಂದೆ ಅಡ್ಡ ಹಾಕಿದ. ಇನ್ನಷ್ಟು ಬೆಂಚು, ಕಚೇರಿಯ ಮೇಜು, ಕೈಗಳಿದ್ದ ಕುರ್ಚಿ ಎಲ್ಲ ಬಂದು ದಾರಿ ಮುಚ್ಚಿದವು. ಭಾವ ಅಷ್ಟು ಹೊತ್ತಿಗೆ ಪಕ್ಕಕ್ಕೆ ಹೋಗಿ ಡಿಪೋ ಯಜಮಾನನಿಗೆ ಫೋನು ಮಾಡಿದ್ದ. "ಗಲಾಟೆ ಆಗ್ತಿದೆ, ಬನ್ನಿ" ಎಂದು ಎಲ್ಲರಿಗೂ ಕೇಳುವಂತೆಯೇ ಹೇಳಿ, ತಡಿಯಪ್ಪನ ಭುಜ ತಟ್ಟಿದ. "ಹೋಗ್ಲಿ ಬಿಡು ತಡಿಯಪ್ಪ. ಸ್ಟೂಲು ಅಲ್ಲೇ ಇದೆ."

ತಡಿಯಪ್ಪ ಹಿಂದೆ ನೋಡಿದ. ಕಚೇರಿಯಿಂದ ದೊಡ್ಡ ರಸ್ತೆಯವರೆಗೆ ಇಡೀ ಬೀದಿ, ಎರಡು ಕಡೆಯೂ ಗೋಡೆ, ನಡುವೆ ಅಜ್ಜಿಯ ಕಲ್ಲು. ಒಂದು ಗೀರು ಬಿದ್ದರೂ ಮುಗಿಯಿತು. ಅವನು ಸೀಟು ಹತ್ತಿ ಕೂತ. ಲಾರಿಯ ಮುಂದೆ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತ ಭಾವನನ್ನು ಗಾಜಿನೊಳಗಿಂದ ನೋಡಿದ. ಜೀವನದಲ್ಲಿ ಮೊದಲ ಸಲ ಯಾರಿಗೂ ತಡೀರಿ ಎನ್ನದೆ ರಿವರ್ಸ್ ಹಾಕಿದ.

ಲಾರಿ ಒಂದು ಮಾರು ಹಿಂದೆ ಸರಿದು ಬಲಕ್ಕೆ ವಾಲಿ ನಿಂತಿತು. ಕನ್ನಡಿಗೂ ಗೋಡೆಗೂ ಒಂದು ಬೆರಳು. ಜನ ಹೋ ಎಂದರು. ತಡಿಯಪ್ಪ ಇಳಿದು ಹಿಂದೆ ಹೋಗಿ ನೋಡಿದ. ಹತ್ತಿ ಸ್ವಲ್ಪ ಮುಂದೆ ತಂದ. ಮತ್ತೆ ಇಳಿದು ನೋಡಿದ. ಹತ್ತಿದ, ಹಿಂದೆ ಬಿಟ್ಟ. ಇಳಿದ. ಹೀಗೆ ಒಂದು ಮನೆ ದಾಟುವಷ್ಟರಲ್ಲಿ ಬೈಯಲು ನಿಂತವರ ಬಾಯಿ ಸೋತಿತು. ಮೂಟೆಗಳ ಮೇಲೆ ಎಚ್ಚರಗೊಂಡ ಹಮಾಲಿ, ಊರು ಉಲ್ಟಾ ಹೋಗುತ್ತಿರುವುದನ್ನು ಕಂಡು ಕಣ್ಣುಜ್ಜಿಕೊಂಡು ಮತ್ತೆ ಮಲಗಿದ.

ಆದರೆ ಲಾರಿಯ ಹಿಂಭಾಗ ತನ್ನ ತನ್ನ ಮನೆಯ ಹತ್ತಿರ ಬಂದಾಗ ಯಾವ ಮನುಷ್ಯ ತಾನೇ ಸುಮ್ಮನೆ ನಿಂತಾನು?

"ಏ ಏ ಏ! ಎಡಕ್ಕೆ! ನನ್ನ ಕಿಟಕಿ!"

"ಎಡಕ್ಕೆ ಬೇಡ, ಎಡಕ್ಕೆ ಬಂದ್ರೆ ನನ್ನ ಬಾಗಿಲು! ಬಲಕ್ಕೆ ತಿರುಗ್ಸು!"

"ತಿರುಗ್ಸಬೇಡ, ನೆಟ್ಟಗೆ ಬಾ!"

ತಡಿಯಪ್ಪ ಎಲ್ಲರ ಮಾತನ್ನೂ ಗೌರವದಿಂದ ಕೇಳಿ, ಚಕ್ರವನ್ನು ಎಲ್ಲ ಕಡೆಗೂ ಸ್ವಲ್ಪ ಸ್ವಲ್ಪ ತಿರುಗಿಸಿದ. ಲಾರಿ ಒಂದು ಮನೆಯ ಕಿಟಕಿಯ ಗಾಜಿನಲ್ಲಿ ತನ್ನ ಬೆನ್ನನ್ನು ನೋಡಿಕೊಳ್ಳುವಂತೆ ನಿಂತಿತು.

ಆಗ ಅಜ್ಜಿ ತನ್ನ ಕಲ್ಲಿನ ಮೇಲೆ ಎದ್ದು ನಿಂತಳು. "ಎಲ್ರೂ ಬಾಯಿ ಮುಚ್ಚಿ! ಒಬ್ಬ ಮನುಷ್ಯನಿಗೆ ಎಷ್ಟು ಬಾಯಿರೋ? ಲೋ ಅಂಗಡಿಯವ್ನೆ, ನೀನು ಬಲಗಡೆ ಗೋಡೆ ನೋಡು. ಕ್ಷೌರದವ್ನೆ, ನೀನು ಎಡಗಡೆ. ಜಾಗ ಇದ್ರೆ ಕೈ ಎತ್ತಿ, ಮಾತಾಡ್ಬೇಡಿ. ಮಾತು ನಾನಾಡ್ತೀನಿ. ಬಾರಯ್ಯ ಮಗಾ, ಬಾ... ಬಾ... ನಿಲ್ಲು. ಈಗ ಚೂರು ನನ್ನ ಕಡೆ. ಅಷ್ಟೇ. ಬಾ."

ಆ ಧ್ವನಿಯನ್ನು ಹಿಡಿದುಕೊಂಡು ತಡಿಯಪ್ಪ ಬಂದ. ಅವಳ ಕಲ್ಲಿನ ಪಕ್ಕದಲ್ಲಿ ಚಕ್ರ ಒಂದು ಗೇಣು ಬಿಟ್ಟು ಹಾದುಹೋಯಿತು; ಅಜ್ಜಿ ಕಾಲು ಕೂಡ ಹಿಂದೆ ತೆಗೆಯಲಿಲ್ಲ. ಕಲ್ಲು ದಾಟಿದ ಮೇಲೆ ಅವನಿಗೇ ಏನೋ ಕೈಗೆ ಸಿಕ್ಕಿತು. ಇಳಿದು ನೋಡುವುದು ಕಡಿಮೆಯಾಯಿತು. ಹಿಂದೆ ಹಿಂದೆ ನಡೆಯುತ್ತಾ ಕೈ ಎತ್ತುತ್ತಿದ್ದ ಅಂಗಡಿಯವನು ತನ್ನದೇ ಅಂಗಡಿಯ ಮುಂದೆ ಬಂದಾಗ, ಲಾರಿಯ ಕನ್ನಡಿ ಮೊದಲು ತಗಡಿನ ಮಾಡು ಇದ್ದ ಜಾಗದಲ್ಲೇ ಗಾಳಿಯನ್ನು ಸವರಿಕೊಂಡು ಹೋಯಿತು. ಮೊದಲು ಮೆಟ್ಟಿಲು ಇದ್ದ ನೆಲದ ಮೇಲೆ ಚಕ್ರ ಉರುಳಿತು. ಅಂಗಡಿಯವನು ಅದನ್ನು ನೋಡಿದ. ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಒಡೆದಿದ್ದು ಒಳ್ಳೇದಾಯ್ತು ಅಂತ ನಾನೇನೂ ಹೇಳ್ತಿಲ್ಲ" ಎಂದ ಯಾರೂ ಕೇಳದಿದ್ದರೂ. "ಬಾ, ಬಾ, ಜಾಗ ಇದೆ."

ಲಾರಿ ಬೆನ್ನು ಮುಂದಾಗಿ ದೊಡ್ಡ ರಸ್ತೆಗೆ ಇಳಿದಾಗ ಅಲ್ಲಿ ಡಿಪೋ ಯಜಮಾನ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದೆ ಊರಿಗೆ ಊರೇ ಬಂದಿತ್ತು. ಭಾವನೂ ಬಂದಿದ್ದ, ಮುಂದೆ ನಿಂತಿದ್ದ. ಯಜಮಾನ ಲಾರಿಯ ಸುತ್ತ ಒಂದು ಸುತ್ತು ಬಂದ, ಬಗ್ಗಿ ನೋಡಿದ, ಕನ್ನಡಿಗಳನ್ನು ಬೆರಳಲ್ಲಿ ಸವರಿದ.

"ಇಡೀ ಬೀದೀನ ಹಿಂದಕ್ಕೇ ಬಂದ್ಯಾ?"

"ಹೂಂ ಯಜಮಾನ್ರೇ."

"ನನ್ನ ಹತ್ರ ಇಪ್ಪತ್ತು ವರ್ಷ ಓಡಿಸಿದೋರೂ ಇದನ್ನ ಮಾಡಲ್ಲ." ಯಜಮಾನ ಜನರ ಕಡೆ ತಿರುಗಿದ. "ಗಲಾಟೆ ಅಂತ ಫೋನ್ ಬಂತು. ಏನು ಗಲಾಟೆ?"

ಎಲ್ಲರೂ ದಿನಸಿ ಅಂಗಡಿಯವನನ್ನು ನೋಡಿದರು. ಅಂಗಡಿಯವನು ಕೆಮ್ಮಿದ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಊರು ಹಿಂಡಿಯ ಲಾರಿಗೆ ಹೆದರಿ ತನ್ನ ಮೆಟ್ಟಿಲುಗಳನ್ನು ತಾನೇ ಒಡೆದುಕೊಂಡಿತ್ತು ಎಂದು ಹೇಳಬೇಕಾಗಿತ್ತು. ಅದು ಪಕ್ಕದೂರಿಗೆ ತಿಳಿದರೆ ಹೆಣ್ಣು ಕೊಡುವುದೂ ತರುವುದೂ ಕಷ್ಟ.

"ಯಾವ ಗಲಾಟೆನೂ ಇಲ್ಲ ಸ್ವಾಮಿ. ಡ್ರೈವರು ಪಳಗಿದೋರು, ಹಿಂದಕ್ಕೆ ಹೇಗೆ ಬರ್ತಾರೆ ನೋಡೋಣ ಅಂತ ನಾವೇ ಆಸೆಪಟ್ವಿ. ಲಾರಿ ಸಲೀಸಾಗಿ ಬರ್ಲಿ ಅಂತ ಬೀದಿ ಬೇರೆ ಅಗಲ ಮಾಡಿದೀವಿ, ನೋಡ್ಬಹುದು."

"ಅದು ಕಚೇರಿಯ ಯೋಜನೆ" ಎಂದ ಕಾರ್ಯದರ್ಶಿ ನಡುವೆ ಬಾಯಿ ಹಾಕಿ.

ಭಾವ ಬಾಯಿ ತೆರೆದ. ಅಜ್ಜಿ ಅವನನ್ನು ನೋಡಿದಳು. ಅವನು ಟೇಪನ್ನು ಸುತ್ತಿಕೊಳ್ಳತೊಡಗಿದ.

"ಸರಿ, ಕೆಲಸ ಖಾಯಂ" ಎಂದ ಯಜಮಾನ. ಆಮೇಲೆ ಮೇಲೆ ನೋಡಿ ಹುಬ್ಬೇರಿಸಿದ. "ಮೂಟೆ ಯಾಕೆ ಇನ್ನೂ ಲಾರೀಲೇ ಇದೆ?"

ಹಮಾಲಿ ಮೂಟೆಗಳ ಮೇಲಿಂದ ತಲೆಯೆತ್ತಿ, "ಬಂದ್ವಾ?" ಎಂದು ಕೇಳಿದ.

ಅಂಗಡಿಯವನೇ ಓಡಿಹೋಗಿ ಬೆಂಚುಗಳನ್ನು ತೆಗೆಸಿದ. ಯಜಮಾನ ತಾನೂ ನೋಡುತ್ತೇನೆಂದು ಪಕ್ಕದ ಸೀಟು ಹತ್ತಿದ. ಲಾರಿ ಮತ್ತೆ ಬೀದಿ ಹೊಕ್ಕಿತು. ಎರಡು ಕಡೆಯೂ ಜನ, ಹೊಸದಾಗಿ ಕೊಂಡು ತಂದ ಹಸುವನ್ನು ಮನೆಗೆ ಕರೆದೊಯ್ಯುವವರ ಹಾಗೆ, ಅದರ ಮೈಮೇಲೆ ಕೈಯಿಟ್ಟುಕೊಂಡು ನಡೆದರು. ಕೇಂದ್ರದ ಬಾಗಿಲಲ್ಲಿ ಮೂಟೆಗಳು ಇಳಿದವು.

"ನಡಿ, ಹೊತ್ತಾಯ್ತು" ಎಂದ ಯಜಮಾನ. "ಏರಿ ಕಡೆ ಸುತ್ತಿಕೊಂಡು ಹೋಗ್ಬಿಡೋಣ."

"ಸುತ್ತು ಯಾಕೆ ಯಜಮಾನ್ರೇ? ಬೀದಿ ಇದೆಯಲ್ಲ" ಎಂದು ತಡಿಯಪ್ಪ ಗೇರಿಗೆ ಕೈ ಹಾಕಿ ಹಿಂದಕ್ಕೆ ತಿರುಗಿ ನೋಡಿದ.

ಯಜಮಾನ ಎರಡೂ ಕೈಯಿಂದ ಬಾಗಿಲ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.